ಖೋತಾ ಬರೆಯಲು ಕಲಿತದ್ದು

ವ್ಯಾಪಾರ ಕಲಿಯಲು ಹೋದ ನನಗೆ ಮೊದಲ ಸಂಜೆ ಸಿಕ್ಕಿದ್ದು ಮುಚ್ಚಿಹೋದ ಅಂಗಡಿಯೊಂದರ ಪಾಠ.

ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್ ನಗರದಲ್ಲಿ ಜಾಕ್ಸನ್ ವಾರ್ಡ್ ಎಂಬ ಹಳೆಯ ಬಡಾವಣೆಯಿದೆ. ಅಲ್ಲಿನ ಚರ್ಚೊಂದರ ನೆಲಮಾಳಿಗೆ. ಮಡಚುವ ಕುರ್ಚಿಗಳು, ಒಂದು ಕಪ್ಪು ಹಲಗೆ, ಮೂಲೆಯಲ್ಲಿ ಕುದಿಯುತ್ತಿದ್ದ ಕಾಫಿ, ಹೊರಗೆ ಫೆಬ್ರವರಿಯ ಚಳಿ. ಸಣ್ಣ ವ್ಯಾಪಾರ ಶುರು ಮಾಡುವವರಿಗೆ ಎಂಟು ಮಂಗಳವಾರಗಳ ಉಚಿತ ತರಗತಿ ಎಂದು ಗ್ರಂಥಾಲಯದಲ್ಲಿ ಅಂಟಿಸಿದ್ದ ಹಾಳೆ ನೋಡಿ ಹೋಗಿದ್ದೆ. ಹನ್ನೊಂದು ಜನ ಇದ್ದೆವು. ಗೆಣಸಿನ ಪೈ ಮಾಡುವ ಅಕ್ಕತಂಗಿಯರು, ಹುಲ್ಲು ಕತ್ತರಿಸುವ ಯಂತ್ರವೊಂದನ್ನೇ ನಂಬಿಕೊಂಡ ಹುಡುಗ, ಕೆಲಸದಿಂದ ನಿವೃತ್ತರಾಗಿ ಮನೆಯಲ್ಲಿ ಕೂರಲಾರದ ಬಸ್ ಚಾಲಕರು, ಹೀಗೆ. ಹತ್ತು ಜನ ಕಪ್ಪು ಜನಾಂಗದವರು. ಹನ್ನೊಂದನೆಯವಳು ನಾನು, ಅರಸೀಕೆರೆಯವಳು, ಚಟ್ನಿಪುಡಿ ಮತ್ತು ನಿಂಬೆಕಾಯಿ ಉಪ್ಪಿನಕಾಯಿ ಮಾರುವ ಆಸೆ ಹೊತ್ತವಳು.

ಕಲಿಸುವವರು ಎಪ್ಪತ್ತು ದಾಟಿದ ಹೆಂಗಸು. ನಲವತ್ತು ವರ್ಷದಿಂದ ಅದೇ ಬಡಾವಣೆಯಲ್ಲಿ ಕೇಶಾಲಂಕಾರದ ಅಂಗಡಿ ನಡೆಸುತ್ತಿರುವವರು. ಊರಿಗೆಲ್ಲ ಜಡೆ ಹೆಣೆಯುವ ಅವರ ತಲೆಯ ಮೇಲೆ ಮಾತ್ರ ಬೆರಳಗಲದ ಬೆಳ್ಳಿಕೂದಲು. ಅಮೆರಿಕದ ದಕ್ಷಿಣ ಸೀಮೆಯಲ್ಲಿ ಹಿರಿಯ ಹೆಂಗಸರನ್ನು ಹೆಸರಿನ ಹಿಂದೆ ‘ಮಿಸ್’ ಸೇರಿಸಿ ಕರೆಯುವುದು ರೂಢಿ. ಮದುವೆಯಾಗಿದೆಯೋ ಇಲ್ಲವೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಅದು ನಮ್ಮ ‘ಅಕ್ಕ’, ‘ಅಮ್ಮ’ಗಳ ಸ್ಥಾನದ ಮಾತು. ತಮ್ಮ ಹೆಸರು ಎಲ್ಲಿಯೂ ಬರೆಯಬಾರದೆಂದು ಅವರು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಹಾಗಾಗಿ ಇಲ್ಲಿ ಅವರು ಬರಿಯ ಮಿಸ್. ಕಾನ್ವೆಂಟಿನ ಮಕ್ಕಳು ಟೀಚರನ್ನು ಕರೆಯುವ ಹಾಗೆ ಎಂದುಕೊಂಡರೂ ತಪ್ಪಿಲ್ಲ. ಅವರು ನನ್ನನ್ನು ಕರೆದದ್ದು ‘ಬೇಬಿ’ ಎಂದು. ನನಗೆ ಆಗ ನಲವತ್ತಾರು ವರ್ಷ.

ಮಿಸ್ ಹಲಗೆಯ ಮೇಲೆ ಬರೆದರು: ‘112 ಈಸ್ಟ್ ಬ್ರಾಡ್ ಸ್ಟ್ರೀಟ್, 1905.’ ನಂತರ ನಮ್ಮ ಕಡೆ ತಿರುಗಿ, “ಈ ಅಂಗಡಿ ಏಕೆ ಮುಚ್ಚಿತು, ಹೇಳಿ” ಎಂದರು. ಅಂಗಡಿ ಯಾವುದೆಂದೇ ನನಗೆ ಗೊತ್ತಿರಲಿಲ್ಲ. ಉಳಿದ ಹತ್ತು ಜನರಿಗೆ ಗೊತ್ತಿತ್ತು, ಆದರೆ ಅವರಿಗೂ ಈ ಪ್ರಶ್ನೆ ಹೊಸದು. ಮ್ಯಾಗಿ ವಾಕರ್ ಅವರ ಬ್ಯಾಂಕಿನ ಬಗ್ಗೆ ರಿಚ್ಮಂಡಿನ ಶಾಲೆಯ ಮಕ್ಕಳೂ ಹೇಳುತ್ತಾರೆ. ಅವರ ಬಟ್ಟೆ ಅಂಗಡಿ ಮುಳುಗಿದ ಕಥೆಯನ್ನು ಯಾರು ಹೇಳುತ್ತಾರೆ?

ನಮ್ಮಲ್ಲಿ ಓದುವವರು ಈ ಹೆಸರನ್ನು ಇನ್ನೊಬ್ಬ ವಾಕರ್ ಜೊತೆ ಕಲಸಿಕೊಳ್ಳುತ್ತಾರೆ. ಕೂದಲಿನ ತೈಲ, ಮುಲಾಮುಗಳಿಂದ ಶ್ರೀಮಂತರಾದವರು ಮೇಡಂ ಸಿ. ಜೆ. ವಾಕರ್. ಅವರು ಬೇರೆ. ಮ್ಯಾಗಿ ಲೀನಾ ವಾಕರ್ ರಿಚ್ಮಂಡಿನವರು, ಗುಲಾಮಗಿರಿಯ ವಿಚಾರಕ್ಕೆ ಅಮೆರಿಕದಲ್ಲಿ ನಡೆದ ಅಂತರ್ಯುದ್ಧದ ಕಾಲದಲ್ಲಿ ಹುಟ್ಟಿದವರು. ಮಲತಂದೆ ಹೋಟೆಲೊಂದರಲ್ಲಿ ಊಟ ಬಡಿಸುವವರ ಮೇಲಿನ ಮೇಸ್ತ್ರಿಯಾಗಿದ್ದ. 1876ರಲ್ಲಿ ಅವನ ಶವ ಜೇಮ್ಸ್ ನದಿಯಲ್ಲಿ ಸಿಕ್ಕಿತು. ತಾಯಿ ಬಿಳಿಯರ ಮನೆಗಳ ಬಟ್ಟೆ ಒಗೆದು ಸಂಸಾರ ಸಾಗಿಸಿದರು. ಒಗೆದ ಬಟ್ಟೆಯ ಬುಟ್ಟಿ ಹೊತ್ತು ಮನೆಮನೆಗೆ ಕೊಟ್ಟು ಬರುವುದು ಮಗಳ ಕೆಲಸ. ನಾನು ಬಾಯಲ್ಲಿ ಬೆಳ್ಳಿ ಚಮಚ ಇಟ್ಟುಕೊಂಡು ಹುಟ್ಟಲಿಲ್ಲ, ತಲೆಯ ಮೇಲೆ ಬಟ್ಟೆಬುಟ್ಟಿ ಹೊತ್ತುಕೊಂಡೇ ಹುಟ್ಟಿದೆ ಎಂದು ಮುಂದೆ ಅವರೇ ಹೇಳಿಕೊಂಡರು. 1883ರಲ್ಲಿ ಶಿಕ್ಷಕಿಯಾಗಲು ಬೇಕಾದ ಓದು ಮುಗಿಸಿ ಮೂರು ವರ್ಷ ಪಾಠ ಹೇಳಿದರು. ಮದುವೆಯಾದ ಹೆಂಗಸಿಗೆ ಆಗ ಶಾಲೆಯಲ್ಲಿ ಕೆಲಸವಿರಲಿಲ್ಲ. 1886ರಲ್ಲಿ ಮದುವೆಯಾಯಿತು, ಕೆಲಸ ಹೋಯಿತು.

ಆಮೇಲಿನದು ಸಂಘದ ಕೆಲಸ. ಕಾಯಿಲೆ ಬಿದ್ದ ಸದಸ್ಯರನ್ನು ನೋಡಿಕೊಳ್ಳುವ, ಸತ್ತವರ ಸಂಸ್ಕಾರಕ್ಕೆ ಹಣ ಒದಗಿಸುವ ‘ಇಂಡಿಪೆಂಡೆಂಟ್ ಆರ್ಡರ್ ಆಫ್ ಸೇಂಟ್ ಲ್ಯೂಕ್’ ಎಂಬ ಕಪ್ಪು ಜನರ ಸಂಘಕ್ಕೆ ಮ್ಯಾಗಿ ಹದಿಹರೆಯದಲ್ಲಿಯೇ ಸೇರಿದ್ದರು. 1899ರಲ್ಲಿ ಅವರ ಕೈಗೆ ಸಂಘದ ಆಡಳಿತ ಬಂದಾಗ ತಿಜೋರಿಯಲ್ಲಿ ಇದ್ದದ್ದು 31 ಡಾಲರ್ 61 ಸೆಂಟು. ಸಾಲ 400 ಡಾಲರ್. ಮಿಸ್ ಈ ಎರಡು ಅಂಕಿಗಳನ್ನು ಹಲಗೆಯ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದು, “ಇದು ನಮಗೆ ಇವತ್ತಿಗೂ ಸೆಂಟಿನವರೆಗೆ ಗೊತ್ತಿದೆ. ಏಕೆ? ಅವರು ಅದನ್ನು ಅಡಗಿಸಲಿಲ್ಲ” ಎಂದರು.

ನಾಲ್ಕೇ ವರ್ಷದಲ್ಲಿ, 1903ರ ನವೆಂಬರ್ 2ರಂದು, ಸೇಂಟ್ ಲ್ಯೂಕ್ ಪೆನ್ನಿ ಸೇವಿಂಗ್ಸ್ ಬ್ಯಾಂಕ್ ಬಾಗಿಲು ತೆರೆಯಿತು. ಅಮೆರಿಕದಲ್ಲಿ ಬ್ಯಾಂಕೊಂದರ ಅಧ್ಯಕ್ಷ ಸ್ಥಾನದಲ್ಲಿ ಕುಳಿತ ಮೊದಲ ಕಪ್ಪು ಮಹಿಳೆ ಮ್ಯಾಗಿ. ಮೊದಲ ದಿನವೇ 8,000 ಡಾಲರಿಗೂ ಹೆಚ್ಚು ಠೇವಣಿ ಬಂತು. ಆ ಸಾಲಿನಲ್ಲಿ ನಿಂತವರಲ್ಲಿ ಒಬ್ಬರು ಕಟ್ಟಿದ್ದು 31 ಸೆಂಟು. ಬಿಡಿಗಾಸನ್ನು ಡಾಲರ್ ಮಾಡುವ ಬ್ಯಾಂಕು ಬೇಕು ಎಂದು ಮ್ಯಾಗಿ ಎರಡು ವರ್ಷ ಮೊದಲು ಭಾಷಣದಲ್ಲಿ ಕೇಳಿದ್ದಕ್ಕೆ, ಒಗೆಯುವವರು, ಅಡುಗೆಯವರು, ತಂಬಾಕು ಕಾರ್ಖಾನೆಯ ಕೂಲಿಗಳು ಗಂಟು ಬಿಚ್ಚಿದ್ದರು.

ಇನ್ನು ಆ ಅಂಗಡಿ. 1905ರಲ್ಲಿ ಬ್ರಾಡ್ ಸ್ಟ್ರೀಟಿನಲ್ಲಿ, ಅಂದರೆ ಬಿಳಿಯರ ಪೇಟೆಬೀದಿಯ ನಡುವೆ, ಸೇಂಟ್ ಲ್ಯೂಕ್ ಎಂಪೋರಿಯಂ ಎಂಬ ದೊಡ್ಡ ಮಳಿಗೆ ತೆರೆದರು. ಕಪ್ಪು ಹೆಣ್ಣುಮಕ್ಕಳು ಅಲ್ಲಿ ಕೌಂಟರಿನ ಹಿಂದೆ ನಿಂತರು. ಗಿರಾಕಿಗಳನ್ನು ಹಿಂದಿನ ಬಾಗಿಲಿನಿಂದ ಬನ್ನಿ ಎನ್ನುವವರು ಅಲ್ಲಿರಲಿಲ್ಲ. ಕೊಂಡ ಬೆಲೆಗಿಂತ ಹೆಚ್ಚು ಕೊಡುತ್ತೇವೆ, ಕಟ್ಟಡ ಬಿಟ್ಟುಬಿಡಿ ಎಂದು ಬಿಳಿಯ ವರ್ತಕರು ಹೇಳಿಕಳಿಸಿದರು. ಒಪ್ಪದಿದ್ದಾಗ ಸಗಟು ವ್ಯಾಪಾರಿಗಳ ಮೇಲೆ ಒತ್ತಡ ತಂದರು. ಏಳು ವರ್ಷ ತುಂಬುವುದರೊಳಗೆ ಅಂಗಡಿ ಮುಚ್ಚಿತು.

“ಸರಿ, ಬಿಳಿಯರು ಮುಚ್ಚಿಸಿದರು” ಎಂದರು ಬಸ್ ಚಾಲಕರು.

“ಅದು ಅರ್ಧ. ಇನ್ನರ್ಧ?” ಮಿಸ್ ಕಾಯುತ್ತ ನಿಂತರು. ಯಾರೂ ಬಾಯಿ ಬಿಡಲಿಲ್ಲ. “ನಮ್ಮವರೇ ನಾಲ್ಕು ಕಾಸು ಅಗ್ಗವೆಂದು ಎದುರಿನ ಅಂಗಡಿಗೆ ಹೋದರು. ಮ್ಯಾಗಿ ಅದನ್ನೂ ವೇದಿಕೆ ಹತ್ತಿ ಹೇಳಿದರು. ಲೆಕ್ಕದ ಪುಸ್ತಕದಲ್ಲಿ ಎರಡು ಬದಿ ಇರುತ್ತವೆ, ಒಂದೇ ಬದಿ ತುಂಬಬೇಡಿ.” ಇದಾದ ಮೇಲೆ, ತರಗತಿಯ ಶುಲ್ಕವೆಂಬಂತೆ, ತಮ್ಮದೇ ಒಂದು ಸೋಲನ್ನು ಹೇಳಿದರು. 1996ರಲ್ಲಿ ನಗರದ ದಕ್ಷಿಣಕ್ಕೆ ಎರಡನೆಯ ಅಂಗಡಿ ತೆರೆದು ಹದಿನಾಲ್ಕು ತಿಂಗಳಲ್ಲಿ ಬೀಗ ಹಾಕಿದ್ದರಂತೆ. ಎಷ್ಟು ಹೋಯಿತು, ಯಾರಿಗೆ ಬಾಕಿ ಉಳಿಯಿತು, ತೀರಿಸಲು ಎಷ್ಟು ವರ್ಷ ಬೇಕಾಯಿತು ಎಂಬುದೆಲ್ಲ ಪುಸ್ತಕ ನೋಡಿಕೊಂಡು ಓದಿದರು. ನನಗೆ ಕೂತಲ್ಲೇ ಮುಜುಗರವಾಯಿತು. ನಾವು ಬೆಳೆದ ಮನೆಗಳಲ್ಲಿ ಇಂಥದನ್ನು ಹೊರಗಿನವರ ಮುಂದೆ ಓದುವುದಿಲ್ಲ.

ನಮ್ಮಮ್ಮ ಹಾಗೆ ಓದಿ ಹೇಳಿರಲಿಲ್ಲ. ಹೇಳಿದ್ದರೆ ಬಳೆ ಉಳಿಯುತ್ತಿದ್ದವು. ಅರಸೀಕೆರೆಯಲ್ಲಿ ಅವರು ಇಪ್ಪತ್ತು ಹೆಂಗಸರ ಚೀಟಿ ನಡೆಸುತ್ತಿದ್ದರು. ತಿಂಗಳಿಗೊಮ್ಮೆ ನಮ್ಮ ಪಡಸಾಲೆಯಲ್ಲಿ ಚೀಟಿ ಎತ್ತುವುದು, ಅವಲಕ್ಕಿ, ಕಾಫಿ. ಒಬ್ಬಾಕೆ ಎರಡನೆಯ ತಿಂಗಳೇ ಚೀಟಿ ಎತ್ತಿಕೊಂಡು, ನಾಲ್ಕನೆಯ ತಿಂಗಳಿಂದ ಕಟ್ಟುವುದನ್ನು ನಿಲ್ಲಿಸಿದಳು. ಅಮ್ಮ ಯಾರಿಗೂ ಹೇಳಲಿಲ್ಲ. ಆಕೆಯ ಕಂತನ್ನು ತಾವೇ ತುಂಬುತ್ತ ಹೋದರು. ಮೊದಲು ಸಾಸಿವೆ ಡಬ್ಬಿಯ ದುಡ್ಡು, ಆಮೇಲೆ ಅಪ್ಪನಿಗೆ ಸುಳ್ಳು ಹೇಳಿ ತೆಗೆದ ದುಡ್ಡು, ಕೊನೆಗೆ ಬಳೆ. ಪುಸ್ತಕದಲ್ಲಿ ಇಪ್ಪತ್ತೂ ಹೆಸರಿನ ಮುಂದೆ ‘ಜಮಾ’ ಎಂದೇ ಇತ್ತು. ಮರ್ಯಾದೆ ಉಳಿಯಿತು, ನಿಜ. ಆ ಚೀಟಿ ಮುಗಿದ ಮೇಲೆ ಅಮ್ಮ ಇನ್ನೊಂದನ್ನು ಶುರು ಮಾಡಲಿಲ್ಲ.

ನಾನು ಆ ನೆಲಮಾಳಿಗೆಗೆ ಹೇಗೆ ತಲುಪಿದೆ ಎಂಬುದನ್ನೂ ಹೇಳಬೇಕು, ಅದರಲ್ಲಿ ಹೆಮ್ಮೆಪಡುವಂಥದ್ದು ಕಡಿಮೆ. ಗಂಡನ ಸಾಫ್ಟ್‌ವೇರ್ ಕೆಲಸದ ಬೆನ್ನಿಗೆ ಬಂದವಳು ನಾನು. ಅವಲಂಬಿತರ ವೀಸಾದಲ್ಲಿ ವರ್ಷಗಟ್ಟಲೆ ಒಂದು ಡಾಲರ್ ಸಂಪಾದಿಸುವಂತಿರಲಿಲ್ಲ. ಗ್ರೀನ್ ಕಾರ್ಡ್ ಬಂದಾಗ ಮಗಳು ಕಾಲೇಜಿಗೆ ಹೊರಟಿದ್ದಳು. ನಾವಿರುವುದು ನಗರದ ಹೊರವಲಯದ ಗ್ಲೆನ್ ಆಲನ್‌ನಲ್ಲಿ. ಯುಗಾದಿ, ರಾಜ್ಯೋತ್ಸವ, ಗಣಪತಿ ಎಲ್ಲ ಅಲ್ಲಿಯೇ ನಡೆಯುತ್ತವೆ. ಜಾಕ್ಸನ್ ವಾರ್ಡಿಗೆ ಹೋಗುತ್ತೇನೆ ಎಂದಾಗ ಸ್ನೇಹಿತೆಯೊಬ್ಬಳು, “ರಾತ್ರಿ ಹೊತ್ತಾ? ಆ ಕಡೆ?” ಎಂದಳು. ಅವಳನ್ನು ದೂರುವ ಹಕ್ಕು ನನಗಿಲ್ಲ. ಹದಿನಾಲ್ಕು ವರ್ಷ ಈ ಊರಿನಲ್ಲಿದ್ದೂ ನಾನು ಆ ಬಡಾವಣೆಯೊಳಗೆ ಕಾರು ನಿಲ್ಲಿಸಿ ಇಳಿದದ್ದು ಅದೇ ಮೊದಲು. ಊರಿನಲ್ಲಿ ‘ಆ ಕೇರಿಗೆ ಹೋಗಬೇಡ’ ಎಂದು ಹೇಳಿಸಿಕೊಂಡು ಬೆಳೆದವರಿಗೆ ಈ ‘ಆ ಕಡೆ’ ಬಹಳ ಬೇಗ ಅರ್ಥವಾಗುತ್ತದೆ, ಯಾರೂ ವಿವರಿಸಬೇಕಾಗಿಲ್ಲ.

ಮೂರನೆಯ ವಾರ ಮಿಸ್ ನನ್ನನ್ನು ಅಂಗಡಿಗೆ ಕರೆದರು. “ಪುಸ್ತಕ ಬರೆಯುವುದನ್ನು ಪುಸ್ತಕದಿಂದ ಕಲಿಯಲಾಗುವುದಿಲ್ಲ, ಬೇಬಿ. ಶನಿವಾರ ಬಾ, ಒಂದು ಕಡೆ ಕೂತು ನೋಡು.”

ಐದು ಕುರ್ಚಿಗಳ ಅಂಗಡಿ. ನಾಲ್ಕನ್ನು ಬೇರೆ ಬೇರೆ ಹೆಂಗಸರು ವಾರದ ಬಾಡಿಗೆಗೆ ಹಿಡಿದು ತಮ್ಮ ತಮ್ಮ ಗಿರಾಕಿಗಳನ್ನು ನೋಡಿಕೊಳ್ಳುತ್ತಾರೆ. ಐದನೆಯದು ಮಿಸ್ ಅವರದು. ಆ ದಿನ ಅದರಲ್ಲಿ ಕೂತಿದ್ದ ಹುಡುಗಿಗೆ ಆರು ಗಂಟೆ ಹಿಡಿಯುವ ಜಡೆ. ನಾನು ಅವರ ಕೈ ನೋಡುತ್ತ ಕೂತೆ. ಹಣಿಗೆಯ ಚೂಪು ಬಾಲದಿಂದ ನೆತ್ತಿಯ ಮೇಲೆ ಗೆರೆ ಎಳೆದು, ಬೇರ್ಪಟ್ಟ ಕೂದಲನ್ನು ಕ್ಲಿಪ್ಪಿನಿಂದ ಹಿಡಿದಿಟ್ಟು, ಮೂರು ಎಳೆಗಳನ್ನು ಬುಡದಿಂದ ಹೆಣೆಯುತ್ತ ಬರುತ್ತಾರೆ. ಪ್ರತಿ ಸುತ್ತಿಗೂ ಕಿರುಬೆರಳು ಪಕ್ಕದ ಕಟ್ಟಿನಿಂದ ನಾಲ್ಕಾರು ಕೂದಲನ್ನು ಕದ್ದು ಎಳೆಗೆ ಸೇರಿಸುತ್ತದೆ. ನಮ್ಮಜ್ಜಿ ಮೊಗ್ಗಿನ ಜಡೆ ಹಾಕುವಾಗಲೂ ಹೀಗೆಯೇ ಬೆರಳಿಗೆ ಕಣ್ಣಿತ್ತು. ವ್ಯತ್ಯಾಸವೆಂದರೆ ನಮ್ಮ ಜಡೆಯನ್ನು ನೋಡಿ ಯಾರೂ ಕೆಲಸದಿಂದ ತೆಗೆಯಲಿಲ್ಲ. ಕಪ್ಪು ಜನರ ಕೂದಲ ವಿನ್ಯಾಸದ ನೆಪ ಹೂಡಿ ಶಾಲೆಯಲ್ಲಿ, ಕಚೇರಿಯಲ್ಲಿ ತಾರತಮ್ಯ ಮಾಡುವಂತಿಲ್ಲ ಎಂಬ ಕಾನೂನು ವರ್ಜೀನಿಯಾದಲ್ಲಿ ಜಾರಿಗೆ ಬಂದದ್ದು 2020ರಲ್ಲಿ. ದಕ್ಷಿಣದ ರಾಜ್ಯಗಳಲ್ಲಿ ಅದೇ ಮೊದಲು. ಇನ್ನು ಜಡೆ ಹೆಣೆಯುವವರಿಗೂ ಸರ್ಕಾರದ ಲೈಸೆನ್ಸ್ ಬೇಕೆಂಬ ನಿಯಮ ರದ್ದಾದದ್ದು 2012ರಲ್ಲಿ. “ನನಗೆ ಪರೀಕ್ಷೆ ಮಾಡಿದವರಿಗೆ ಜಡೆ ಹಾಕಲು ಬರುತ್ತಿರಲಿಲ್ಲ” ಎಂದು ಮಿಸ್ ನಕ್ಕರು.

ಕೈ ಜಡೆಯಲ್ಲಿದ್ದರೂ ಬಾಯಿ, ಕಿವಿ ಬೇರೆಡೆ. ಒಬ್ಬ ಹುಡುಗ ನ್ಯಾಯಾಲಯದ ಪತ್ರ ಹಿಡಿದು ಬಂದ. ಮಿಸ್ ಕನ್ನಡಕ ಮೂಗಿಗಿಳಿಸಿ ಓದಿ, ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಅಂಗಿ ಹಾಕಿಕೊಂಡು ಹೋಗಬೇಕು ಎಂದು ಹೇಳಿ ಕಳಿಸಿದರು. ಬಾಗಿಲ ಪಕ್ಕದ ಮೇಜಿನ ಮೇಲೆ ಮತದಾರರ ನೋಂದಣಿಯ ಅರ್ಜಿಗಳು. ಅದರ ಪಕ್ಕ ರಕ್ತದೊತ್ತಡ ನೋಡುವ ಯಂತ್ರ. ಕೂದಲು ತೊಳೆಸಿಕೊಳ್ಳುವ ಮುನ್ನ ನಲವತ್ತು ದಾಟಿದವರೆಲ್ಲ ತೋಳು ಕೊಡಲೇಬೇಕು. ನನ್ನದೂ ನೋಡಿದರು. 150ರ ಮೇಲಿತ್ತು, ನನಗೆ ಗೊತ್ತೇ ಇರಲಿಲ್ಲ. ಕನ್ನಡಿಯ ಸುತ್ತ ತೀರಿಕೊಂಡ ಗಿರಾಕಿಗಳ ಫೋಟೊಗಳು. ಸತ್ತವರ ಕೂದಲನ್ನು ಕೊನೆಯ ಸಲ ಬಾಚುವುದಕ್ಕೂ ಮಿಸ್ ಅವರನ್ನೇ ಕರೆಯುತ್ತಾರಂತೆ. ಅದಕ್ಕೆ ಅವರು ಹಣ ತೆಗೆದುಕೊಳ್ಳುವುದಿಲ್ಲ, ಪುಸ್ತಕದಲ್ಲಿ ಬರೆಯುವುದನ್ನು ಮಾತ್ರ ಬಿಡುವುದಿಲ್ಲ. ತಾರೀಖು, ಹೆಸರು, ಮುಂದೆ ಸೊನ್ನೆ.

ಬಡಾವಣೆಯ ವರ್ತಕರ ಸಂಘಕ್ಕೂ ಅವರೇ ಮುಖ್ಯಸ್ಥೆ. 2020ರ ಮಾರ್ಚಿನಲ್ಲಿ ಸೋಂಕಿನ ಕಾರಣಕ್ಕೆ ಸರ್ಕಾರ ಇಂಥ ಅಂಗಡಿಗಳನ್ನೆಲ್ಲ ಮುಚ್ಚಿಸಿತು. ಕೇಂದ್ರ ಸರ್ಕಾರ ಸಣ್ಣ ವ್ಯಾಪಾರಿಗಳಿಗೆಂದು ತೆಗೆದಿಟ್ಟ 349 ಶತಕೋಟಿ ಡಾಲರ್ ಸಾಲದ ಮೊದಲ ಕಂತು ಎರಡು ವಾರದೊಳಗೆ ಖಾಲಿ. ಬ್ಯಾಂಕಿನ ಮ್ಯಾನೇಜರನ್ನು ಹೆಸರು ಹಿಡಿದು ಮಾತನಾಡಿಸಬಲ್ಲವರಿಗೆ ಅದು ಮೊದಲು ಸಿಕ್ಕಿತು, ಐದು ಕುರ್ಚಿಯವರಿಗಲ್ಲ. ಎರಡನೆಯ ಕಂತು ಬಂದಾಗ ಮಿಸ್ ಮುಚ್ಚಿದ ಅಂಗಡಿಯ ಕಿಟಕಿಯ ಬಳಿ ಮೇಜು ಹಾಕಿ ಕೂತು, ಹೊರಗೆ ಫುಟ್‌ಪಾತಿನ ಮೇಲೆ ನಿಂತವರ ಅರ್ಜಿ ತುಂಬಿದರು. ಕ್ಷೌರದಂಗಡಿ, ಮೀನು ಹುರಿಯುವವರು, ಹೊಲಿಗೆಯವರು. “ಯಾರ ಹತ್ತಿರ ಲೆಕ್ಕದ ಪುಸ್ತಕ ಇತ್ತೋ ಅವರಿಗೆ ಹಣ ಬಂತು. ಇಲ್ಲದವರಿಗೆ ನಾನು ಏನೂ ಮಾಡಲಾಗಲಿಲ್ಲ. ಈ ತರಗತಿ ಶುರುವಾದದ್ದು ಅದಕ್ಕೇ” ಎಂದರು. ಮೂರು ಅಂಗಡಿಗಳು ಮತ್ತೆ ತೆರೆಯಲಿಲ್ಲವಂತೆ. ಅವುಗಳ ಹೆಸರನ್ನೂ ಬರೆದಿಟ್ಟುಕೊಂಡಿದ್ದಾರೆ.

ಮಧ್ಯಾಹ್ನ ಹುಡುಗಿ ಊಟಕ್ಕೆ ಎದ್ದಾಗ ಮಿಸ್ ಒಳಗಿನ ಕಬ್ಬಿಣದ ಪೆಟ್ಟಿಗೆಯಿಂದ ಒಂದು ಹಳೆಯ ಪುಸ್ತಕ ತೆಗೆದರು. ಅದು ಅವರ ಅಜ್ಜಿಯ ಲೆಕ್ಕದ ಪುಸ್ತಕ. ಅಜ್ಜಿಯೂ ಸೇಂಟ್ ಲ್ಯೂಕ್ ಸಂಘದ ಸದಸ್ಯೆ, ಬಟ್ಟೆ ಒಗೆಯುವವರು, ಮ್ಯಾಗಿಯ ಬ್ಯಾಂಕಿನಲ್ಲಿ ಖಾತೆ ಇಟ್ಟವರು. ಸಂಘಕ್ಕೆ ಕಟ್ಟಿದ ಕಂತು, ಸೋಪು, ನೀಲಿ, ಗಂಜಿ, ಎಲ್ಲಕ್ಕೂ ಅಂಕಿ. ಕೊನೆಯ ಪುಟಗಳ ಹತ್ತಿರ ಒಂದು ಕಡೆ ಬೆರಳಿಟ್ಟು ತೋರಿಸಿದರು.

ಅದಕ್ಕೆ ಹಿನ್ನೆಲೆ ಬೇಕು. ಜಾಕ್ಸನ್ ವಾರ್ಡ್ ಒಂದು ಕಾಲಕ್ಕೆ ಬ್ಯಾಂಕು, ವಿಮೆ, ನಾಟಕಶಾಲೆ, ಪತ್ರಿಕೆಗಳಿಂದ ತುಂಬಿದ್ದ ಕಪ್ಪು ಜನರ ಪೇಟೆ. ನ್ಯೂಯಾರ್ಕಿನ ಹೆಸರಾಂತ ಕಪ್ಪು ಬಡಾವಣೆಯ ಹೆಸರು ಹಿಡಿದು ಇದನ್ನು ದಕ್ಷಿಣದ ಹಾರ್ಲೆಮ್ ಎಂದೇ ಕರೆಯುತ್ತಿದ್ದರು. 1950ರ ದಶಕದಲ್ಲಿ ರಿಚ್ಮಂಡ್-ಪೀಟರ್ಸ್‌ಬರ್ಗ್ ಹೆದ್ದಾರಿಯನ್ನು ಬಡಾವಣೆಯ ನಡುವೆಯೇ ಹಾಯಿಸಿದರು. 1958ರಲ್ಲಿ ವಾಹನಗಳು ಓಡಿದವು. ಇವತ್ತು ಅದೇ ಅಂತರರಾಜ್ಯ 95. ಮನೆಗಳು ಹೋದವು, ಬೀದಿಗಳು ಮಧ್ಯಕ್ಕೆ ತುಂಡಾದವು, ಬಡಾವಣೆಯ ಉತ್ತರ ಭಾಗ ಕಂದಕದ ಆಚೆ ಉಳಿಯಿತು. ಸಿಕ್ಸ್ತ್ ಮೌಂಟ್ ಜಯಾನ್ ಚರ್ಚಿನ ಭಕ್ತರು ಹಟ ಹಿಡಿದದ್ದರಿಂದ ಅದೊಂದು ಉಳಿಯಿತು, ರಸ್ತೆ ಅಲ್ಲಿ ಸ್ವಲ್ಪ ಬಾಗುತ್ತದೆ. ಮಿಸ್ ಹುಟ್ಟಿದ ಮನೆಗೆ ಅಂಥ ಅದೃಷ್ಟವಿರಲಿಲ್ಲ. ಅವರಿಗೆ ಆಗ ಐದೋ ಆರೋ ವರ್ಷ. ನೆನಪಿರುವುದು ಹಿತ್ತಿಲಿನ ಅಂಜೂರದ ಮರ ಮಾತ್ರ.

ಪುಟದಲ್ಲಿ ಅಜ್ಜಿಯ ದುಂಡು ಅಕ್ಷರದಲ್ಲಿ ಮನೆಗೆ ಬಂದ ಪರಿಹಾರದ ಮೊತ್ತ, ಸಾಗಿಸಲು ಗಾಡಿಗೆ ಕೊಟ್ಟದ್ದು, ಒಡೆದುಹೋದ ಕನ್ನಡಿ ಇತ್ತು. ಕೊನೆಯ ಸಾಲು: ‘ಅಂಜೂರದ ಮರ ಒಂದು. ಹಣ ಬರಲಿಲ್ಲ.’

“ಇದನ್ನು ಯಾವ ಕಚೇರಿಗೂ ಅಜ್ಜಿ ಕೊಡಲಿಲ್ಲ. ಕೊಟ್ಟಿದ್ದರೆ ನಗುತ್ತಿದ್ದರು. ಆದರೂ ಬರೆದರು” ಎಂದ ಮಿಸ್ ಪುಸ್ತಕ ಮುಚ್ಚಿ, ಕೈ ತೊಳೆದು, ಮತ್ತೆ ಹಣಿಗೆ ಹಿಡಿದರು. ನಾನು ಹತ್ತು ನಿಮಿಷ ಹೊರಗೆ ಹೋಗಿ ನಿಂತೆ. ಹೆದ್ದಾರಿಯ ಗುಂಯ್ ಸದ್ದು ಅಲ್ಲಿಯವರೆಗೂ ಕೇಳುತ್ತದೆ.

ಕಾಗದಪತ್ರದ ಕೆಲಸ ನಾನು ಹೆದರಿದ್ದಷ್ಟು ಕಷ್ಟವಾಗಿರಲಿಲ್ಲ. ರಾಜ್ಯದ ನಿಗಮ ಆಯೋಗದಲ್ಲಿ ಕಂಪನಿ ನೋಂದಾಯಿಸಲು 100 ಡಾಲರ್. ಆಮೇಲೆ ವರ್ಷಕ್ಕೆ 50. ತೆರಿಗೆ ಇಲಾಖೆಯ ಸಂಖ್ಯೆ ಅವರ ಜಾಲತಾಣದಲ್ಲಿಯೇ ಪುಕ್ಕಟೆ ಸಿಗುತ್ತದೆ, ಕಾಲು ಗಂಟೆಯ ಕೆಲಸ. ನೋಂದಣಿಯಾದ ವಾರದಲ್ಲಿ ಸರ್ಕಾರದ ಮುದ್ರೆಯಂತೆಯೇ ಕಾಣುವ ಮುದ್ರೆ ಹೊತ್ತ ಪತ್ರವೊಂದು ಬಂತು. ಪ್ರಮಾಣಪತ್ರಕ್ಕೆ ಇಷ್ಟು ಹಣ ತಕ್ಷಣ ಕಳಿಸಿ ಎಂದಿತ್ತು. ನಾನು ಚೆಕ್ ಬರೆದೇಬಿಟ್ಟಿದ್ದೆ. ಮಿಸ್ ಪತ್ರವನ್ನು ತಿರುಗಿಸಿ, ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಇದು ಸರ್ಕಾರಿ ಸಂಸ್ಥೆಯಲ್ಲ’ ಎಂದಿದ್ದುದನ್ನು ತೋರಿಸಿ, ಬುಟ್ಟಿಗೆ ಹಾಕಿದರು.

ತಲೆಬಿಸಿ ಆದದ್ದು ಉಪ್ಪಿನಕಾಯಿಯಿಂದ. ಚಟ್ನಿಪುಡಿ ಒಣ ಪದಾರ್ಥ, ಅದನ್ನು ಮನೆಯ ಅಡುಗೆಮನೆಯಲ್ಲಿ ಮಾಡಿ ರೈತರ ಸಂತೆಯಲ್ಲಿ ನೇರವಾಗಿ ಮಾರಲು ವರ್ಜೀನಿಯಾದಲ್ಲಿ ತಪಾಸಣೆಯ ತೊಡಕಿಲ್ಲ. ಉಪ್ಪಿನಕಾಯಿಯಂಥವಕ್ಕೆ ಬೇರೆ ನಿಯಮ. ವರ್ಷಕ್ಕೆ 9,000 ಡಾಲರಿಗಿಂತ ಹೆಚ್ಚು ಮಾರುವಂತಿಲ್ಲ. ಆಮ್ಲೀಯತೆಯ ಅಳತೆ, ಅಂದರೆ ಹುಳಿ ಹೆಚ್ಚಿದಷ್ಟೂ ಇಳಿಯುವ ಪಿಎಚ್ ಅಂಕಿ, 4.6 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ನಮ್ಮಮ್ಮ ಹುಳಿಯನ್ನು ಅಳೆಯುತ್ತಿದ್ದದ್ದು ನಾಲಿಗೆಯಿಂದ. ನಾನು ಪೆನ್ನಿನಂಥ ಮಾಪಕ ತರಿಸಿ, ಜಾಡಿಯಿಂದ ಎರಡು ಚಮಚ ತೆಗೆದು, ಅರೆದು, ಅದರಲ್ಲಿ ಅದ್ದಿದೆ. ಅಂಕಿ ಮೂರರ ಕೆಳಗೆ ನಿಂತಿತು. ಹತ್ತು ಜಾಡಿಗೂ ಹಾಗೆಯೇ ಮಾಡಿ ಬರೆದಿಟ್ಟೆ. ಅಡುಗೆಮನೆಯಲ್ಲಿ ಮೆಂತ್ಯ, ಇಂಗಿನ ಘಮದ ನಡುವೆ ಕನ್ನಡಕ ಹಾಕಿಕೊಂಡು ಅಂಕಿ ಬರೆಯುತ್ತಿದ್ದವಳನ್ನು ನೋಡಿ ನನ್ನ ಗಂಡ, “ಇದನ್ನು ಕಂಪ್ಯೂಟರಿನಲ್ಲಿ ಹಾಕಬಾರದೇ?” ಎಂದರು. ಮೊದಲ ವರ್ಷ ಕೈಬರಹದ ಪುಸ್ತಕವೇ ಆಗಬೇಕು ಎಂಬುದು ಮಿಸ್ ಅವರ ಕಟ್ಟಪ್ಪಣೆ. ಕಂಪ್ಯೂಟರಿನಲ್ಲಿ ಅಳಿಸಿದ್ದು ಕಾಣುವುದಿಲ್ಲ, ಕಾಗದದಲ್ಲಿ ಕಾಣುತ್ತದೆ.

ಲೇಬಲ್ಲಿನ ಮೇಲೆ ದಪ್ಪಕ್ಷರದಲ್ಲಿ ಒಂದು ಒಕ್ಕಣೆ ಕಡ್ಡಾಯ: ಮರುಮಾರಾಟಕ್ಕಲ್ಲ, ಸರ್ಕಾರದ ತಪಾಸಣೆಯಿಲ್ಲದೆ ತಯಾರಿಸಿದ್ದು. ನನಗೆ ಅವಮಾನವೆನಿಸಿತು. ಮೂರು ತಲೆಮಾರು ತಿಂದು ಜೀರ್ಣಿಸಿಕೊಂಡ ಉಪ್ಪಿನಕಾಯಿಗೆ ಇಂಥ ಹಣೆಬರಹವೇ? ಅಕ್ಷರ ಆದಷ್ಟು ಸಣ್ಣದು ಮಾಡಿ, ಲೇಬಲ್ಲಿನ ಹಿಂಬದಿಗೆ ತಳ್ಳಿ, ಮಾದರಿ ತೆಗೆದುಕೊಂಡು ಹೋದೆ. ಮಿಸ್ ಜಾಡಿಯನ್ನು ತಿರುತಿರುಗಿಸಿ ನೋಡಿ, ಆ ಸಾಲು ಸಿಕ್ಕ ಮೇಲೆ ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ. ಮನೆಗೆ ಬಂದು ಅದನ್ನು ಮುಂದಕ್ಕೆ ತಂದು ದಪ್ಪ ಮಾಡಿದೆ.

ಎಂಟನೆಯ ಮಂಗಳವಾರ ತರಗತಿ ನಡೆದದ್ದು ಬೀದಿಯಲ್ಲಿ. ಈಸ್ಟ್ ಲೀ ಸ್ಟ್ರೀಟಿನ ಇಟ್ಟಿಗೆಯ ಮನೆಯ ಮುಂದೆ ನಿಲ್ಲಿಸಿದರು. ಮ್ಯಾಗಿ ವಾಕರ್ 1904ರಲ್ಲಿ ಕೊಂಡು, ಮಕ್ಕಳು ಸೊಸೆಯರು ಬಂದಂತೆ ಬೆಳೆಸುತ್ತ 28 ಕೋಣೆಗಳವರೆಗೆ ತಂದ ಮನೆ. ಈಗ ಅದು ರಾಷ್ಟ್ರೀಯ ಸ್ಮಾರಕ. ಮಧುಮೇಹದಿಂದ ಕಾಲಿನ ಶಕ್ತಿ ಹೋದ ಮೇಲೆ ಮನೆಯೊಳಗೆ ಲಿಫ್ಟ್ ಹಾಕಿಸಿಕೊಂಡು, ಗಾಲಿಕುರ್ಚಿಯಲ್ಲಿಯೇ ಬ್ಯಾಂಕಿನ ಕೆಲಸ ಮಾಡಿದರಂತೆ. 1915ರಲ್ಲಿ ಇದೇ ಮನೆಯಲ್ಲಿ ಅವರ ಮಗ, ಕಳ್ಳನೆಂದು ತಿಳಿದು, ಗುಂಡು ಹಾರಿಸಿದ್ದು ತಂದೆಗೆ ತಾಗಿತು. ಗಂಡ ಸತ್ತು, ಮಗ ಕಟಕಟೆ ಹತ್ತಿ ನಿರ್ದೋಷಿಯಾಗಿ ಹೊರಬಂದರೂ ಸಂಘದೊಳಗೆ ಮ್ಯಾಗಿಯನ್ನು ಇಳಿಸಬೇಕೆಂಬ ಮಾತು ಎದ್ದಿತು. ಅವರು ಇಳಿಯಲಿಲ್ಲ. ಆರ್ಥಿಕ ಕುಸಿತ ಬಂದಾಗ ಊರಿನ ಇನ್ನೆರಡು ಕಪ್ಪು ಬ್ಯಾಂಕುಗಳ ಜೊತೆ ತಮ್ಮದನ್ನು ಸೇರಿಸಿ ಉಳಿಸಿಕೊಂಡರು. 1934ರಲ್ಲಿ ತೀರಿಕೊಂಡರು. ಅಲ್ಲಿಂದ ನಡೆಯುವ ದೂರದಲ್ಲಿಯೇ ಬ್ರಾಡ್ ಮತ್ತು ಆಡಮ್ಸ್ ಬೀದಿಗಳು ಕೂಡುವಲ್ಲಿ ಅವರ ಕಂಚಿನ ಪ್ರತಿಮೆಯಿದೆ, 2017ರಲ್ಲಿ ನಿಲ್ಲಿಸಿದ್ದು. ಗುಲಾಮಗಿರಿ ಉಳಿಸಲು ಕಾದಿದ ಸೇನಾಪತಿಗಳು ಕುದುರೆಯೇರಿ ನಿಂತಿದ್ದ ಊರಿನಲ್ಲಿ, ಲೆಕ್ಕದ ಪುಸ್ತಕ ಹಿಡಿದ ಹೆಂಗಸಿಗೆ ಅಷ್ಟು ವರ್ಷ ಕಾಯಬೇಕಾಯಿತು.

ಮೇ ತಿಂಗಳ ಮೊದಲ ಶನಿವಾರ ಸಂತೆಯಲ್ಲಿ ನನ್ನ ಮೊದಲ ಮೇಜು. ಚಟ್ನಿಪುಡಿ ಮೂವತ್ತು ಡಬ್ಬಿ, ಉಪ್ಪಿನಕಾಯಿ ಇಪ್ಪತ್ತು ಜಾಡಿ. ಮೊದಲ ಒಂದೂವರೆ ಗಂಟೆ ಯಾರೂ ನಿಲ್ಲಲಿಲ್ಲ. ಆಮೇಲೆ ಪೈ ಮಾಡುವ ಅಕ್ಕತಂಗಿಯರು ಪಕ್ಕದ ಮೇಜಿನಿಂದ ಬಂದು, ತಮ್ಮ ಗಿರಾಕಿಗಳನ್ನು ತೋಳು ಹಿಡಿದು ಎಳೆತಂದರು. ಅಲ್ಲಿನ, ಬನ್ನಿನಂಥ ಮೆತ್ತನೆಯ ಬಿಸ್ಕತ್ತಿಗೆ ಬೆಣ್ಣೆ ಸವರಿ ಮೇಲೆ ಚಟ್ನಿಪುಡಿ ಉದುರಿಸಿಕೊಡುವ ಉಪಾಯವೂ ಅವರದೇ. ಅದನ್ನು ನಮ್ಮೂರಿನವರು ನೋಡಿದರೆ ಏನೆನ್ನುತ್ತಾರೋ, ಆದರೆ ಇಪ್ಪತ್ತೆರಡು ಡಬ್ಬಿ ಹೋದವು. ಉಪ್ಪಿನಕಾಯಿ ಏಳೇ ಏಳು.

ಮುಚ್ಚುವ ಹೊತ್ತಿಗೆ ಮಿಸ್ ಬಂದರು. ಒಂದು ಜಾಡಿ ತೆಗೆದುಕೊಂಡು ಪೂರ್ತಿ ಹಣ ಕೊಟ್ಟರು. ನಾನು ಬೇಡವೆಂದದ್ದು ಕಿವಿಗೆ ಬೀಳದವರಂತೆ ರಸೀದಿ ಕೇಳಿದರು. ಆಮೇಲೆ ಮಡಚುವ ಕುರ್ಚಿ ಎಳೆದು ಕೂತು, “ಪುಸ್ತಕ ತೋರಿಸು” ಎಂದರು.

ಎಣಿಸಿದೆವು. ಪುಸ್ತಕಕ್ಕೂ ತಗಡಿನ ಡಬ್ಬಿಗೂ ಎರಡು ಡಾಲರ್ ವ್ಯತ್ಯಾಸ. ಮತ್ತೆ ಎಣಿಸಿದರೂ ಅಷ್ಟೇ ಕಡಿಮೆ. ಮೇಜಿನ ಬಟ್ಟೆ ಎತ್ತಿ ನೋಡಿದೆ, ಏಪ್ರನ್ನಿನ ಜೇಬು ಕೊಡವಿದೆ, ಖಾಲಿ ಪೆಟ್ಟಿಗೆಗಳ ತಳಕ್ಕೆ ಕೈ ಹಾಕಿದೆ. ಸಿಗಲಿಲ್ಲ. ಯಾರಿಗೋ ಚಿಲ್ಲರೆ ಹೆಚ್ಚು ಕೊಟ್ಟಿರಬೇಕು. ನನ್ನ ಕೈ ತನ್ನಷ್ಟಕ್ಕೆ ಪರ್ಸಿಗೆ ಹೋಯಿತು. ಎರಡು ನೋಟು ತೆಗೆದು ಡಬ್ಬಿಗೆ ಹಾಕಲು ಹೊರಟಾಗ ಮಿಸ್ ಡಬ್ಬಿಯ ಮುಚ್ಚಳದ ಮೇಲೆ ಅಂಗೈ ಇಟ್ಟರು.

“ಬರೆ, ಬೇಬಿ.”

ಬರೆದೆ. ಅವಸರದಲ್ಲಿಯೋ ಏನೋ, ಕೈಗೆ ಬಂದದ್ದು ಕನ್ನಡ. ಮಿಸ್ ಕನ್ನಡಕ ಮೂಗಿಗಿಳಿಸಿ, ಆ ಸಾಲನ್ನು ಸ್ವಲ್ಪ ಹೊತ್ತು ನೋಡಿ, “ಏನೆಂದು ಬರೆದೆ?” ಎಂದು ಕೇಳಿದರು.

“ಎರಡು ಡಾಲರ್ ಖೋತಾ. ಎಲ್ಲಿ ಹೋಯಿತೋ ತಿಳಿಯದು.”

ಅವರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಆ ಸಾಲಿನ ಪಕ್ಕದ ಅಂಚಿನಲ್ಲಿ ತಮ್ಮ ಹೆಸರಿನ ಎರಡು ಮೊದಲಕ್ಷರ ಹಾಕಿದರು. ನಾವಿಬ್ಬರೂ ಎದ್ದು ಮೇಜು ಮಡಚಿದೆವು.